ನೆಂಟರಿಗೆ ಕೊಡುವ ನೀರು

ನಮ್ಮ ಬಾವಿಯ ನೀರು 'ಅತ್ಯುತ್ತಮ' ಎಂದು ಈರೋಡಿನ ಲ್ಯಾಬಿನಿಂದ ಕಾಗದ ಬಂದಾಗ ನಮ್ಮ ಕಾಲೊನಿಯಲ್ಲಿ ಯಾರೂ ಆ ನೀರನ್ನು ಕುಡಿಯುತ್ತಿರಲಿಲ್ಲ. ಕುಡಿಯುವುದನ್ನು ಬಿಟ್ಟು ಎರಡು ಬೇಸಿಗೆ ಕಳೆದಿತ್ತು. ಪಾತ್ರೆ ಉಜ್ಜುವುದಕ್ಕೆ, ಎಮ್ಮೆ ಮೈ ತೊಳೆಯುವುದಕ್ಕೆ ಮಾತ್ರ ಸೇದುತ್ತಿದ್ದೆವು. ಎಮ್ಮೆಗಳೂ ಅಷ್ಟೇನೂ ಇಷ್ಟಪಟ್ಟು ನಿಲ್ಲುತ್ತಿರಲಿಲ್ಲ.

ಕಾಲೊನಿ ಇರುವುದು ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲೆ, ಜೀರಹಳ್ಳಿ ಕಡೆಗೆ ಹೋಗುವ ರಸ್ತೆಯ ಕೆಳಗೆ, ಹಳ್ಳದ ಪಕ್ಕ. ಮೇಲ್ಗಡೆ ರಾಚಪ್ಪನವರ ಹೊಲ, ಹೊಲದ ತುದಿಗೆ ಅವರ ಮನೆ, ಮನೆಯ ಹಿಂದೆ ಅವರ ಬಾವಿ. ಹೊಲಕ್ಕೂ ನಮಗೂ ನಡುವೆ ಅವರ ಮಗ ಹರ್ಷವರ್ಧನ ಹಾಕಿದ ಕ್ಯಾರೆಟ್ ತೊಳೆಯುವ ಶೆಡ್ಡು. ಸುತ್ತಲಿನ ಹಳ್ಳಿಗಳ ಕ್ಯಾರೆಟ್ಟು, ಬೀಟ್‌ರೂಟು ಮಣ್ಣು ಮೆತ್ತಿಕೊಂಡು ಅಲ್ಲಿಗೆ ಬರುತ್ತವೆ. ಉರುಳುವ ಯಂತ್ರದೊಳಗೆ ಸ್ನಾನ ಮಾಡಿ, ಮದುವೆಗೆ ಹೊರಟವರಂತೆ ಹೊಳೆಯುತ್ತ ಲಾರಿ ಹತ್ತುತ್ತವೆ. ಸ್ನಾನದ ನೀರು ಹಳ್ಳಕ್ಕೆ. ಕೊಳೆತದ್ದು, ಮುರಿದದ್ದು, ಸೊಪ್ಪು ಎಲ್ಲ ಹಳ್ಳದ ದಂಡೆಗೆ. ನಮ್ಮ ಬಾವಿ ಇರುವುದೂ ಆ ದಂಡೆಯಲ್ಲೇ.

ಶೆಡ್ಡು ಬಂದ ಮೇಲೆ ನೀರು ಮೊದಲು ಕೆಂಪಗಾಯಿತು, ಆಮೇಲೆ ನಾರತೊಡಗಿತು. ಮಕ್ಕಳ ಮೊಣಕಾಲಿನಲ್ಲಿ ಕಜ್ಜಿ ಎದ್ದಿತು. ಕುಡಿಯುವ ನೀರಿಗೆ ರಸ್ತೆಯಾಚೆಯ ನಲ್ಲಿಗೆ ಹೋಗಬೇಕು. ಅಲ್ಲಿ ನೀರು ಬರುವುದು ಕರೆಂಟಿನ ಮನಸ್ಸು. ಸಂಜೆಯಾದರೆ ಆನೆಯ ಮನಸ್ಸನ್ನೂ ಕೇಳಿಕೊಳ್ಳಬೇಕು. ಇಷ್ಟಾದರೂ ಹರ್ಷವರ್ಧನನಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಶೆಡ್ಡಿನಲ್ಲಿ ಕ್ಯಾರೆಟ್ ಆರಿಸುವವರು ನಮ್ಮ ಹೆಂಗಸರೇ. ನಮ್ಮ ಅವ್ವ ಚಿಕ್ಕತಾಯಮ್ಮನೂ ಅವರಲ್ಲಿ ಒಬ್ಬಳು. ನೀರು ಕೆಡುತ್ತಿದೆ ಎಂದು ದೂರಿಕೊಳ್ಳಲು ಅವರಿಗೆ ಪುರಸೊತ್ತು ಸಿಗುತ್ತಿದ್ದುದು ಶೆಡ್ಡಿಗೆ ರಜೆ ಇದ್ದಾಗ. ರಜೆ ಇದ್ದಾಗ ಕೆಲಸವಿಲ್ಲವಲ್ಲ ಎಂಬ ದೂರೇ ದೊಡ್ಡದಾಗಿರುತ್ತಿತ್ತು.

ನಾನು ಸತ್ಯಮಂಗಲದಲ್ಲಿ ಕೆಮಿಸ್ಟ್ರಿ ಓದಿ, ಪದವಿ ತಂದು, ಅದನ್ನು ಅಕ್ಕಿ ಡಬ್ಬದ ಮೇಲಿನ ಗೂಡಿನಲ್ಲಿಟ್ಟು ಮನೆಯಲ್ಲಿ ಕೂತಿದ್ದೆ. ಆಗ ನೀರಾಫೀಸಿನ ಕೆಲಸ ಬಂತು. ಆ ಕಚೇರಿಗೆ ತಮಿಳಿನಲ್ಲಿ ಉದ್ದದ ಹೆಸರಿದೆ. ನೀರು, ಗಾಳಿ, ಕಸ, ಸದ್ದು ಇವುಗಳಿಂದ ಜನರನ್ನು ಕಾಪಾಡುವುದು ಅದರ ಕೆಲಸ. ಬೆಟ್ಟದ ಮೇಲಿನವರು ನೀರಾಫೀಸು ಎಂದು ಕತ್ತರಿಸಿಕೊಂಡಿದ್ದಾರೆ. ಊರಿನವರೇ ಆದ ಒಬ್ಬ ಪದವೀಧರೆಯನ್ನು ಒಂದು ವರ್ಷಕ್ಕೆ 'ನೀರು ಗೆಳತಿ' ಎಂದು ಇಟ್ಟುಕೊಳ್ಳುವ ಯೋಜನೆ ಅವರದು. ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳಿಗೆ ನಾನು ಮೇಜಿನ ಅಂಚು ನೋಡುತ್ತ ಕೂತಿದ್ದೆ. ಇಂಜಿನಿಯರ್ ಪರಿಮಳ ಮೇಡಂ ಪಕ್ಕದವರಿಗೆ, "ಈ ಹುಡುಗಿ ಸಾಕು. ಹೋದ ವರ್ಷದವಳು ತುಂಬ ಮಾತಾಡುತ್ತಿದ್ದಳು," ಎಂದರು.

ನೀರಾಫೀಸಿನ ವರ್ಷ ನಡೆಯುವುದು ಹೀಗೆ. ಬೇಸಿಗೆಯಲ್ಲಿ ನೀರು ಅಳೆಯುವುದು, ಗಾಳಿಕಾಲದಲ್ಲಿ ಗಾಳಿ, ದೀಪಾವಳಿಗೆ ಸದ್ದು, ನಡುವೆ ಬಿಡುವಾದಾಗ ಕಸ. ಕೊನೆಗೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ವಾರ್ಷಿಕ ವರದಿ. ನಾನು ಸೇರಿದ ಹೊಸದರಲ್ಲಿ ಘಾಟಿಯ ಮೇಲಿನ ದಿಂಬಂನಲ್ಲಿ ಗಾಳಿ ಅಳೆಯುವ ಯಂತ್ರ ಇಟ್ಟರು. ಇಡಲು ಜಾಗ ಕೊಟ್ಟವನು ಟೀ ಅಂಗಡಿಯ ಪುಟ್ಟಸ್ವಾಮಿ. ಯಂತ್ರ ಅವನ ಮಾಡಿನ ಮೇಲೆ ಇದ್ದಷ್ಟು ಹೊತ್ತೂ ಅವನು ಸೌದೆ ಒಲೆ ಹಚ್ಚಲಿಲ್ಲ. ಸರ್ಕಾರದವರ ಯಂತ್ರಕ್ಕೆ ಹೊಗೆ ಕುಡಿಸುವುದು ಮರ್ಯಾದೆಯೇ ಎಂದು ಬೆಳಗ್ಗೆಯೇ ಕಾಸಿ ಫ್ಲಾಸ್ಕಿನಲ್ಲಿ ತುಂಬಿಟ್ಟ ಟೀ ಕೊಟ್ಟ. ಘಾಟಿ ಹತ್ತಿ ಬಂದ ಲಾರಿಯವರಿಗೂ, "ಎಂಜಿನ್ ಆಪ್ ಮಾಡ್ಲಾ, ಗಾಳಿ ನೋಡ್ತಾವ್ರೆ," ಎಂದು ಗದರಿಸುತ್ತಿದ್ದ. ದಿಂಬಂ ಗಾಳಿ ಚೆನ್ನಾಗಿ ಪಾಸಾಯಿತು. ಆಗ ನಾನು ನಕ್ಕಿದ್ದೆ. ನಗಬಾರದಿತ್ತು.

ಆಮೇಲೆ ನಮ್ಮ ಕಾಲೊನಿಯ ಸರದಿ. ನೀರಾಫೀಸಿನವರು ಬಾವಿ ನೋಡಲು ಬರುತ್ತಾರೆ ಎಂಬ ಸುದ್ದಿ ಹಬ್ಬಿದ್ದೇ, ಹರ್ಷವರ್ಧನ ಜೆಸಿಬಿ ತರಿಸಿ ಶೆಡ್ಡಿನ ಹಿಂದೆ ಗುಂಡಿ ತೋಡಿಸತೊಡಗಿದ. ಅಲ್ಲೊಂದು ದೊಡ್ಡ ತೊಟ್ಟಿ ಕಟ್ಟಿ, ಕ್ಯಾರೆಟ್ ನೀರನ್ನು ಅದರಲ್ಲಿ ತಿಳಿಯಾಗಿಸಿ, ತನ್ನ ಬಾಳೆಗೇ ಬಿಟ್ಟುಕೊಳ್ಳುವುದು ಅವನ ಲೆಕ್ಕ. ಶೆಡ್ಡು ಹಾಕುವಾಗಲೇ ಮಾಡಬೇಕಿತ್ತು ಎಂದು ಅವನಿಗೂ ಗೊತ್ತಿತ್ತು. "ನೀರು ಫೇಲಾದ್ರೆ ಶೆಡ್ಡಿಗೆ ಬೀಗ ಆಕ್ತರಂತೆ," ಎಂದು ಅವನು ರಾಚಪ್ಪನವರ ಹತ್ತಿರ ಹೇಳುತ್ತಿದ್ದುದನ್ನು ಅವ್ವ ಕೇಳಿಸಿಕೊಂಡು ಬಂದಿದ್ದಳು. ನಾನು ಲೆಕ್ಕ ಹಾಕಿದೆ. ನಮ್ಮ ನೀರು ಫೇಲಾಗುವುದಂತೂ ಸೈ. ಆದರೆ ತೊಟ್ಟಿ ಆಗುತ್ತದೆ. ತೊಟ್ಟಿಯಾದರೆ ಒಂದೆರಡು ಮಳೆಗೆ ಹಳ್ಳ ತೊಳೆದುಹೋಗಿ ಬಾವಿ ಉಳಿಯುತ್ತದೆ. ಒಂದೇ ಒಂದು ಬಾಟಲಿ ನೀರು ಈರೋಡು ತಲುಪಿದರೆ ಸಾಕು.

ಜೀಪು ಬಂತು. ಡ್ರೈವರ್ ಮುರುಗನ್ ಹುಣಸೆಮರದ ನೆರಳಿನಲ್ಲಿ ನಿಲ್ಲಿಸಿ, ಸಿಗ್ನಲ್ ಹುಡುಕಿಕೊಂಡು ಫೋನನ್ನು ಆಕಾಶಕ್ಕೆ ಹಿಡಿದು ಓಡಾಡತೊಡಗಿದ. ಪರಿಮಳ ಮೇಡಮ್ಮಿನ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಬೊಬ್ಬೆಯಾಗಿತ್ತು. ಬಾವಿಗೆ ಇಳಿಯುವ ದಾರಿ ಕ್ಯಾರೆಟ್ ಕೆಸರಿನಿಂದ ಜಾರುತ್ತದೆ. ಅವರು ಬಿಳಿ ಪ್ಲಾಸ್ಟಿಕ್ ಬಾಟಲಿ ಹಿಡಿದು ದಾರಿಯನ್ನು ನೋಡಿದರು, ಕಾಲನ್ನು ನೋಡಿಕೊಂಡರು.

"ಅಯ್ಯೋ, ನೀವ್ಯಾಕೆ ಇಳ್ದೀರಿ ತಾಯಿ. ಕೊಡಿ ಇಲ್ಲಿ, ನಾ ತುಂಬ್ಕ ಬತ್ತೀನಿ," ಎಂದಳು ಅವ್ವ. ಬಾಟಲಿಯನ್ನು ತಿರುಗಿಸಿ ನೋಡಿ, "ಸುಗರ್ ನೋಡಕೆ ಅಂತ ತಾಳವಾಡಿ ಆಸ್ಪತ್ರೇಲಿ ಕೊಟ್ಟುದ್ದು ಇಸ್ಟೇ ಇಸ್ಟಿತ್ತು. ಇದ ತುಂಬ್ಸಕೆ ಆನೇನೆ ಕರೀಬೇಕು," ಎಂದಳು. ಮುರುಗನ್ ಆಕಾಶದ ಕಡೆಯಿಂದಲೇ ನಕ್ಕ.

ನಾನು ಐಸು ತುಂಬಿದ ಪೆಟ್ಟಿಗೆ ಹಿಡಿದು ಜೀಪಿನ ಆಚೆ ಬದಿಗೆ ನಿಂತಿದ್ದೆ. ನಮ್ಮವರೆಲ್ಲ ಸೇರಿ ನನ್ನನ್ನು ಅಧಿಕಾರಿಯ ಹಾಗೆ ನೋಡುತ್ತಿದ್ದುದರಿಂದ ಅವರ ಕಡೆಗೆ ಬೆನ್ನು ಮಾಡಿದ್ದೆ. ಅವ್ವ ಎಲ್ಲಿಗೆ ಹೋದಳು ಎಂದು ನೋಡಲಿಲ್ಲ. ಬರುವುದು ಸ್ವಲ್ಪ ತಡವಾಯಿತು. ಬಂದವಳು ಬಾಟಲಿಯನ್ನು ಸೆರಗಿನಿಂದ ಒರೆಸಿ, ಮುಚ್ಚಳ ಬಿಗಿದು, ಎರಡೂ ಕೈಯಿಂದ ಕೊಟ್ಟಳು. ಮೇಡಂ ಚೀಟಿ ಅಂಟಿಸಿದರು. ನಾನು ಪೆಟ್ಟಿಗೆಯೊಳಗೆ ಇಟ್ಟೆ. ನಮ್ಮ ಬಾವಿ ಈರೋಡಿಗೆ ಹೊರಟಿತು ಎಂದುಕೊಂಡೆ.

ಬಂದ ಕಾಗದದಲ್ಲಿ 'ಅತ್ಯುತ್ತಮ' ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿದ್ದರು. ಸುತ್ತ ಹಸಿರು ಎಲೆಯ ಚಿತ್ರ. ಈ ವರ್ಷ ಇಡೀ ಬೆಟ್ಟದಲ್ಲಿ ನಮ್ಮಷ್ಟು ಒಳ್ಳೆಯ ನೀರು ಬೇರೆ ಎಲ್ಲೂ ಸಿಕ್ಕಿಲ್ಲವೆಂದು ಪರಿಮಳ ಮೇಡಂ ಫೋನು ಮಾಡಿ ಅಭಿನಂದಿಸಿದರು. ಬಾವಿಗೆ ಹಗ್ಗ ಹೊಸೆದುಕೊಡುವ ಬೊಮ್ಮಮಾವ ಕಾಗದವನ್ನು ತಲೆಕೆಳಗು ಮಾಡಿ ಹಿಡಿದು ನೋಡಿ, "ನಾವು ಕುಡೀದೆ ಬುಟ್ಟಿದ್ಕೆ ಚೆನ್ನಾಗಾಗ್ಬುಟ್ಟದೆ ಕನಮ್ಮಿ. ಯಾರೂ ಮುಟ್ಟದಿದ್ರೆ ಯಾವ್ದು ಕೆಡ್ತದೆ," ಎಂದ.

ಹರ್ಷವರ್ಧನ ಆ ಕಾಗದದ ಜೆರಾಕ್ಸು ತೆಗೆಸಿ, ಗಾಜು ಹಾಕಿಸಿ, ಶೆಡ್ಡಿನಲ್ಲಿ ದೇವರ ಕ್ಯಾಲೆಂಡರಿನ ಪಕ್ಕ ನೇತುಹಾಕಿದ. ಮಾರನೇ ದಿನವೇ ಜೆಸಿಬಿ ಹೋಯಿತು. ಅರ್ಧ ತೋಡಿದ್ದ ಗುಂಡಿಗೆ ಕೊಳೆತ ಕ್ಯಾರೆಟ್ ಸುರಿಯತೊಡಗಿದರು. ನಮ್ಮನ್ನು ಕಾಪಾಡಲಿಕ್ಕೆಂದು ತೋಡಿದ ಗುಂಡಿ ನಮ್ಮ ಮೇಲೇ ನಾರತೊಡಗಿತು. ದಾರಿಯಲ್ಲಿ ಸಿಕ್ಕಾಗ ಹರ್ಷವರ್ಧನ ತಡೆದು ನಿಲ್ಲಿಸಿ, "ನಾ ಎಸ್ಟು ಎದ್ರುಕೊಂಡಿದ್ದೆ ಗೊತ್ತ ಸಂಗೀತ. ನೀವು ಬಾವಿ ನಾರ್ತದೆ ಅಂತ ಸುಮ್ಸುಮ್ಕೆ ಮೂಗು ಮುಚ್ಕತಿದ್ರಿ," ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ನಂಬಿದ್ದ.

ಸಂಜೆ ಅವ್ವ ಮುದ್ದೆ ತೊಳಸುತ್ತಿದ್ದಳು.

"ಲ್ಯಾಬಿನೋರು ಏನೋ ತಪ್ಪು ಮಾಡವ್ರೆ ಕನವ್ವ," ಎಂದೆ.

"ಯಾಕ್ ತೆಪ್ಪಾದದು. ಪುಟ್ಟನಂಜಮ್ಮೋರ ಬಾವಿ ನೀರು ಯಾವತ್ತು ಚೆನ್ನಾಗಿರ್ಲಿಲ್ಲ, ಏಳು?"

ಪುಟ್ಟನಂಜಮ್ಮ ಎಂದರೆ ರಾಚಪ್ಪನವರ ಹೆಂಡತಿ, ಹರ್ಷವರ್ಧನನ ತಾಯಿ. ನಾನು ತಟ್ಟೆ ಕೆಳಗಿಟ್ಟೆ.

"ಅವ್ರ ಬಾವಿಂದ ತಂದ್ಯಾ?"

"ಇನ್ನೆಲ್ಲಿಂದ ತರ್ಲಿ? ಒಬ್ಬ ಎಣ್ಮಗ್ಳು ಅಸ್ಟು ದೂರದಿಂದ ಬೆಟ್ಟ ಅತ್ತಿ ಬಂದವ್ಳೆ, ಕಾಲು ಬೇರೆ ನೋಯ್ಸ್ಕಂಡವ್ಳೆ. ನೀರು ಕೊಡಿ ಅಂತವ್ಳೆ. ನಾರೋ ನೀರ ಕೊಟ್ಟು ಕಳುಸ್ನ?"

"ಅವ್ರು ಕುಡಿಯಕೆ ಕೇಳಿದ್ದಲ್ಲ ಕನವ್ವ."

"ಏನುಕ್ಕಾರ ಕೇಳ್ಳಿ. ಮನೆ ಬಾಗ್ಲಿಗೆ ಬಂದೋರು." ಅವ್ವ ಮುದ್ದೆಯನ್ನು ತಟ್ಟೆಗೆ ಉರುಳಿಸಿದಳು. "ಪುಟ್ಟನಂಜಮ್ಮೋರು ಪಾಪ, ಅವ್ರೇ ಸೇದಿ ಮೇಲಿಂದ ಉಯ್ದ್ರು. ಈರೋಡ್ಗೆ ಓಯ್ತದೆ ಅಂದುದ್ಕೆ ಕೊಡಾನ ಉಣ್ಸೆಹಣ್ಣಾಕಿ ಉಜ್ಜುದ್ರು. ನೀನಾಗಿದ್ರೆ ಅಸ್ಟು ಮಾಡ್ತಿದ್ಯ?"

ಪುಟ್ಟನಂಜಮ್ಮ ತಮ್ಮ ಬಾವಿಗೆ ನಮ್ಮವರ ಕೈ ಸೋಕಗೊಡುವವರಲ್ಲ. ನಮ್ಮ ಬಿಂದಿಗೆ ಕೆಳಗೆ, ಅವರ ಕೊಡ ಮೇಲೆ. ನಡುವೆ ಗಾಳಿಯಲ್ಲಿ ನೀರು. ಅದರಲ್ಲಿ ಅವರಿಗೂ ಮುಜುಗರವಿಲ್ಲ, ಅವ್ವನಿಗೂ ಇಲ್ಲ. ಹೀಗೆ ಕೆಡಿಸುವವರ ಮನೆಯ ನೀರು, ಕೆಟ್ಟ ಬಾವಿಯ ಹೆಸರಿನಲ್ಲಿ ಪಾಸಾಗಿತ್ತು. ಯಾರೂ ಯಾರಿಗೂ ಲಂಚ ಕೊಟ್ಟಿರಲಿಲ್ಲ. ಸುಳ್ಳನ್ನೂ ಹೇಳಿರಲಿಲ್ಲ. ಎಲ್ಲರೂ ಒಳ್ಳೆಯತನದಿಂದ ನಡೆದುಕೊಂಡಿದ್ದರು. ಅದನ್ನು ಯಾವ ಕಚೇರಿಯಲ್ಲಿ ದೂರುವುದೆಂದು ನನಗೆ ತಿಳಿಯಲಿಲ್ಲ.

ತಿಂಗಳ ಮೀಟಿಂಗಿಗೆ ಪರಿಮಳ ಮೇಡಂ ತಾಳವಾಡಿಗೆ ಬರುತ್ತಿದ್ದರು. ಹೇಳಬೇಕಾದ ಮಾತನ್ನು ಬಸ್ಸಿನುದ್ದಕ್ಕೂ ಮನಸ್ಸಿನಲ್ಲಿ ಬರೆದುಕೊಂಡು ಹೋದೆ. ಬರೆದದ್ದು ಚೆನ್ನಾಗಿತ್ತು. ಅವರ ಮುಂದೆ ನಿಂತಾಗ, "ಬಾವಿ ಬೇರೆ, ಮೇಡಂ," ಎಂಬಷ್ಟೇ ಬಂತು.

"ಯಾವ ಬಾವಿ?"

"ನೀರು ತಂದ ಬಾವಿ."

ಮಿಕ್ಕಿದ್ದನ್ನು ಅವರೇ ಒಂದೊಂದಾಗಿ ಕೇಳಿ ಎಳೆದುಕೊಂಡರು. ಅವರು ಮಾತಾಡುವುದು ತಮಿಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೊಟ್ಟ ಫಲಿತಾಂಶವನ್ನು ಸುಳ್ಳು ಅನ್ನೋಕೆ ಆಗಲ್ಲಮ್ಮ. ಒಂದು ಬಾಟಲಿ ಸುಳ್ಳು ಅಂದರೆ ನನ್ನ ಇಡೀ ವರ್ಷದ ಬಾಟಲಿಗಳನ್ನೆಲ್ಲ ಅನುಮಾನಿಸ್ತಾರೆ. ಆದರೆ ಮರುಪರೀಕ್ಷೆ ಅಂತ ಒಂದಿದೆ. ಅದಕ್ಕೊಂದು ಕಾರಣ ಬರೆದುಕೊಡು."

ಬರೆಯುವುದಾದರೆ ನನಗೆ ಕಷ್ಟವಿಲ್ಲ. 'ಬಾವಿಗೆ ಹೋಗುವ ದಾರಿ ಜಾರುತ್ತದೆ. ಮಾದರಿ ತೆಗೆಯುವಾಗ ಅಧಿಕಾರಿಗಳು ಬಾವಿಯ ಬಳಿ ಇರಲಿಲ್ಲ,' ಎಂದು ಬರೆದುಕೊಟ್ಟೆ. ಅವ್ವನ ಹೆಸರು ಬರದಂತೆ ನೋಡಿಕೊಂಡಿದ್ದೆ. ಮೇಡಂ ಓದಿದರು. ಎರಡನೇ ವಾಕ್ಯವನ್ನು ಮತ್ತೊಮ್ಮೆ ಓದಿದರು. ಕೆಂಪಗಾದರು. ಆಮೇಲೆ ಅದರ ಮೇಲೆ ಒಂದು ಗೆರೆ ಎಳೆದು, "ದಾರಿ ಜಾರುತ್ತದೆ ಅನ್ನೋದೇ ಸಾಕಷ್ಟು ಬಲವಾಗಿದೆ," ಎಂದರು.

ಹೀಗೆ ದಾರಿ ಜಾರಿದ ಕಾರಣಕ್ಕೆ ಎರಡನೇ ಸಲ ಬರುವುದೆಂದಾಯಿತು.

ನಾನು ಮನೆಗೆ ಬಂದು ಅವ್ವನಿಗೆ ಹೇಳಿದೆ. ಈ ಸಲ ನಮ್ಮ ಬಾವಿಯದೇ ಕೊಡಬೇಕು, ನಾರುವ ನೀರೇ ಬೇಕು, ಅದು ಫೇಲಾದರೆ ಹರ್ಷವರ್ಧನ ತೊಟ್ಟಿ ಕಟ್ಟುತ್ತಾನೆ ಎಂದು. ಅವ್ವ ಕೇಳಿಸಿಕೊಂಡು ಹೂಂಗುಟ್ಟಿದಳು. ಆಮೇಲೆ ಎದ್ದು ಹೋಗಿ ಕಾಲೊನಿಗೆಲ್ಲ, "ಆ ಅಮ್ಮ ತಿರ್ಗ ಬತ್ತಾವ್ಳಂತೆ. ನಮ್ ನೀರು ಅವ್ಳಿಗೆ ಅಸ್ಟು ಇಡ್ಸ್ಬುಟ್ಟದೆ," ಎಂದಳು.

ಮೇಡಂ ಬರುವ ಬೆಳಗ್ಗೆ ನಾನು ರಸ್ತೆಗೆ ಹೋಗಿ ಜೀಪಿಗೆ ಕಾದೆ. ಅವರನ್ನು ಕರೆದುಕೊಂಡು ಕೆಳಗಿಳಿದೆ. ಬಾವಿಯ ದಂಡೆ ಗುಡಿಸಿ ನೀರು ಚಿಮುಕಿಸಿದ್ದರು. ಕಟ್ಟೆಗೆ ಸುಣ್ಣ. ದಾರಿಯ ಕೆಸರಿನ ಮೇಲೆ ಮರಳು ಹರಡಿ, ಮೇಡಮ್ಮಿನ ಕಾಲಿಗೆ ಅಂತ ಕಲ್ಲಿನ ಮೆಟ್ಟಿಲು ಇಟ್ಟಿದ್ದರು. ಬೊಮ್ಮಮಾವ ಪಂಚಾಯ್ತಿಯಿಂದ ತಂದ ಬ್ಲೀಚಿಂಗ್ ಪೌಡರಿನ ಪೊಟ್ಟಣ ಹಿಡಿದು ಬಾವಿಗೆ ಬಗ್ಗಿದ್ದ.

"ಮಾವ, ಆಕ್ಬುಟ್ಯಾ?"

"ಇನ್ನೂ ಇಲ್ಲ ಕನಮ್ಮಿ. ಕತ್ರಿ ಉಡುಕ್ತಾ ಇವ್ನಿ. ಪೊಟ್ನ ಕೈಲಿ ಅರ್ಯಕಾಯ್ತಿಲ್ಲ."

ಆ ಪೊಟ್ಟಣ ಹೊಲಿದ ಯಾರೋ ಗೊತ್ತಿಲ್ಲದವರಿಗೆ ನಾನು ಇವತ್ತಿಗೂ ಋಣಿ.

ಅಷ್ಟರಲ್ಲಿ ಅವ್ವ ಬಂದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ತಲೆಯ ಮೇಲೆ ಹಿತ್ತಾಳೆ ಬಿಂದಿಗೆ. ಅದರ ಬಾಯಿಗೆ ಬಾಳೆ ಎಲೆ. ಮೇಡಮ್ಮಿನ ಮುಂದೆ ಇಳಿಸಿ, "ನಮ್ ಬಾವಿದೇ ಕನ್ ತಾಯಿ. ಈಗ್ತಾನೆ ಸೇದಿದ್ದು," ಎಂದಳು. ಬಾಳೆ ಎಲೆ ತೆಗೆದಳು. ಒಳಗೆ ತಳದವರೆಗೂ ಕಾಣುವ ನೀರು. ಮೇಲ್ಗಡೆ ಹೊಲದ ಬದುವಿನಲ್ಲಿ ಪುಟ್ಟನಂಜಮ್ಮನವರು ಸೊಂಟಕ್ಕೆ ಕೈಯಿಟ್ಟು ನಿಂತು ತಮ್ಮ ನೀರಿಗೆ ಆಗುವ ಮರ್ಯಾದೆಯನ್ನು ನೋಡುತ್ತಿದ್ದರು. ಶೆಡ್ಡಿನ ಬಾಗಿಲಲ್ಲಿ ಹರ್ಷವರ್ಧನ.

ಮೇಡಂ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತು. ಆದರೆ ಬಿಂದಿಗೆಯ ನೀರು ಬೇರೆ ಬಾವಿಯದು ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಬೇಕಾದವಳು ನಾನು. ಅವ್ವನನ್ನು ಊರ ಮುಂದೆ, ಸರ್ಕಾರದ ಮುಂದೆ ಸುಳ್ಳುಗಾತಿ ಎನ್ನಬೇಕಾದವಳೂ ನಾನು. ಮೇಡಂ ಬಾಟಲಿಯ ಮುಚ್ಚಳ ತೆಗೆದರು. ಬಿಂದಿಗೆಯ ಕಡೆ ಒಂದು ಹೆಜ್ಜೆ ಇಟ್ಟರು. ಇನ್ನೊಂದು ವರ್ಷ 'ಅತ್ಯುತ್ತಮ'ವಾಗಿ ಬದುಕಬೇಕು ಎಂದುಕೊಂಡೆ.

"ಅವ್ವ," ಎಂದೆ. ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ನಾನೇ ಬೆಚ್ಚಿದೆ. "ತಾಳವಾಡಿ ಆಸ್ಪತ್ರೇಲಿ ಸುಗರ್ ನೋಡಕೆ ಬಾಟ್ಲಿ ಕೊಟ್ರಲ್ಲ. ಅವತ್ತು ನಿಂದ ಕೊಟ್ಯಾ, ಇಲ್ಲ ಪುಟ್ಟನಂಜಮ್ಮೋರ್ದ ಇಸ್ಕೊಂಡೋಗಿ ಕೊಟ್ಯಾ?"

ಮುರುಗನ್ ಫೋನನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂತುಬಿಟ್ಟ. ಹೆಂಗಸರಲ್ಲಿ ಕರಿಯಮ್ಮ ಎಂಬುವಳು, ಅವ್ವನ ಜೊತೆ ಶೆಡ್ಡಿಗೆ ಹೋಗುವವಳು, "ಅದೂ ಚೆನ್ನಾಗೇ ಬರ್ತಿತ್ತು ಕನಕ್ಕ, ದೊಡ್ಡಮನೇರ್ದಲ್ವಾ," ಎಂದಳು. ಕಾಲೊನಿಗೆ ಕಾಲೊನಿಯೇ ಬಿದ್ದು ಬಿದ್ದು ನಕ್ಕಿತು. ಬದುವಿನ ಮೇಲಿದ್ದ ಪುಟ್ಟನಂಜಮ್ಮನವರಿಗೆ ಮಾತು ಕೇಳಿಸಿರಲಿಲ್ಲ. ಎಲ್ಲರೂ ಸಂತೋಷವಾಗಿದ್ದಾರೆ ಎಂದು ಅವರೂ ನಕ್ಕರು.

ಅವ್ವ ನಗಲಿಲ್ಲ. ನನ್ನನ್ನು ದಿಟ್ಟಿಸಿದಳು.

"ಅದು ಕಾಯ್ಲೆ ಏನಂತ ನೋಡಕೆ ಕೊಡಾದು ಕನಮ್ಮಿ."

"ಇದೂ ಅದೇ ಕನವ್ವ. ಆವಮ್ಮ ನೆಂಟ್ರಲ್ಲ. ಡಾಕ್ಟ್ರು ಅನ್ಕೊ."

"ಅದ ಮೊದ್ಲೇ ಏಳಕ್ಕೇನಾಗಿತ್ತು ನಿಂಗೆ," ಎಂದಳು ಅವ್ವ. "ಬಾಯಿ ಬುಡಾದೆ ಇಲ್ಲ, ಬುಟ್ರೆ ಇಂಗೆ."

ಆಮೇಲೆ ಅವಳೇ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿದಳು. ಮದುವೆ ಸೀರೆಯ ಸೆರಗು ಸಿಕ್ಕಿಸಿ, ನಮ್ಮ ಬಾವಿಗೆ ಹಗ್ಗ ಬಿಟ್ಟು, ಸೇದಿದಳು. ಬಕೆಟ್ಟು ಮೇಲೆ ಬಂದಾಗ ಮುಂದೆ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅವ್ವ ಮುಖ ಆಚೆ ತಿರುಗಿಸಿಕೊಂಡು ಬಾಟಲಿಗೆ ಹುಯ್ದಳು; ಆಸ್ಪತ್ರೆಯಲ್ಲಿ ನರ್ಸಿನ ಕೈಗೆ ಕೊಟ್ಟಾಗಲೂ ಹೀಗೇ ಮುಖ ತಿರುಗಿಸಿದ್ದಳು. ಮೇಡಂ ಚೀಟಿ ಅಂಟಿಸಿದರು. ಆಮೇಲೆ ಮರಳು ಹಾಕಿದ ದಾರಿಯಲ್ಲಿ, ಅವರಿಗಾಗಿ ಇಟ್ಟ ಕಲ್ಲುಗಳ ಮೇಲೆ ಹೆಜ್ಜೆಯಿಡುತ್ತ ಶೆಡ್ಡಿನ ಕಡೆಗೆ ನಡೆದರು. ದಾರಿ ಅಷ್ಟು ಚೆನ್ನಾಗಿ ಆಗಿರದಿದ್ದರೆ ಅವರು ಅಲ್ಲಿವರೆಗೆ ಹೋಗುತ್ತಿರಲಿಲ್ಲವೇನೋ.

ಕ್ಯಾರೆಟ್ ತುಂಬಿದ ಗುಂಡಿಯ ಮುಂದೆ ನಿಂತು, "ಇದು ಏನು?" ಎಂದು ಕೇಳಿದರು.

"ತೊಟ್ಟಿ, ಮೇಡಂ," ಎಂದ ಹರ್ಷವರ್ಧನ.

"ಪೂರ್ತಿ ಯಾಕೆ ಮಾಡಲಿಲ್ಲ?"

ಅವನು ಒಳಗೆ ಹೋಗಿ ಗಾಜು ಹಾಕಿಸಿದ ಕಾಗದವನ್ನು ಗೋಡೆಯಿಂದ ಬಿಚ್ಚಿ ತಂದು ತೋರಿಸಿದ. "ನೀವೇ ಕೊಟ್ಟಿದ್ದಲ್ವಾ ಮೇಡಂ. ಅತ್ಯುತ್ತಮ ಆಗಿದ್ಮೇಲೆ ಇನ್ನೇನು ಮಾಡಾದು?"

ಮೇಡಂ ತಮ್ಮ ಸಹಿಯನ್ನು ಗಾಜಿನ ಮೇಲಿಂದ ನೋಡಿದರು. ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಜೀಪಿನಲ್ಲಿ ಇಟ್ಟುಕೊಂಡರು. ಗಾಜಿನ ಸಮೇತ.

ಈ ಸಲದ ಫಲಿತಾಂಶಕ್ಕೆ ಎಲೆಯ ಚಿತ್ರ ಇರಲಿಲ್ಲ. ನೀರನ್ನು ಕುಡಿಯಲು, ಅಡುಗೆಗೆ ಬಳಸಕೂಡದು, ಶೆಡ್ಡಿನವರು ತೊಟ್ಟಿ ಕಟ್ಟುವವರೆಗೆ ಹಳ್ಳಕ್ಕೆ ನೀರು ಬಿಡಕೂಡದು, ಬಿಟ್ಟರೆ ಬೀಗ. ಹರ್ಷವರ್ಧನ ಮತ್ತೆ ಜೆಸಿಬಿ ಕರೆಸಿದ. "ಪಾಸ್ ಮಾಡ್ಸಿದ್ದು ನಿಮ್ಮವ್ವ, ಫೇಲ್ ಮಾಡ್ಸಿದ್ದು ನೀನು. ನಿಮ್ಮನೇಲೆ ಒಂದು ನೀರಾಫೀಸು ಇಟ್ಕಂಡಿದಿರಿ ಕನಮ್ಮಿ," ಎಂದ. ತೊಟ್ಟಿ ಆಗುವವರೆಗೆ ಶೆಡ್ಡಿನ ಕೆಲಸ ನಿಂತಿತ್ತು. ಮೊದಮೊದಲು ಹೆಂಗಸರು ನನ್ನನ್ನು ನೋಡಿದಾಗ ಮಾತು ನಿಲ್ಲಿಸುತ್ತಿದ್ದರು. ಆಮೇಲೆ ತೊಟ್ಟಿ ಕಟ್ಟುವ ಕೆಲಸಕ್ಕೆ ಅವರನ್ನೇ ಕರೆದರು. ಅಲ್ಲಿಂದ ನನ್ನ ಜೊತೆ ಮತ್ತೆ ಮಾತಾಡಿದರು.

ತೊಟ್ಟಿಯಾಯಿತು. ಮಳೆ ಬಂತು. ಹಳ್ಳ ಒಂದೆರಡು ಸಲ ಉಕ್ಕಿ ದಂಡೆಯ ಕೊಳೆಯನ್ನೆಲ್ಲ ಎಳೆದುಕೊಂಡು ಹೋಯಿತು. ಬೊಮ್ಮಮಾವ ಬಾವಿ ಬಸಿದು, ಆ ಪೊಟ್ಟಣವನ್ನು ಕತ್ತರಿಸಿ ಹಾಕಿದ. ಒಂದು ಬೆಳಗ್ಗೆ ನಾನು ಎದ್ದು ಬರುವಾಗ ಅವ್ವ ಬಾವಿಕಟ್ಟೆಯಲ್ಲಿ ಕೂತು ಬೊಗಸೆ ನೀರನ್ನು ಮೂಸುತ್ತಿದ್ದಳು. ಕುಡಿಯಲಿಲ್ಲ. ಚೆಲ್ಲಿ, ಇನ್ನೊಂದು ಬೊಗಸೆ ತೆಗೆದು ಮೂಸಿದಳು. "ಮುಂದ್ಲ ವರ್ಸಕ್ಕೆ ನೆಂಟ್ರಿಗೆ ಕೊಡ್ಬೋದು," ಎಂದಳು.

ವರ್ಷ ಮುಗಿದು ವಾರ್ಷಿಕ ವರದಿ ಬಂತು. ನನ್ನ ಕೆಲಸವೂ ಅದರ ಜೊತೆಗೆ ಮುಗಿದಿತ್ತು. ಮೇಡಂ ಫೋನಿಗೆ ಕಳಿಸಿದ್ದರು. ದಿಂಬಂ ಗಾಳಿಯನ್ನು ಹೊಗಳಿದ್ದರು. ನಮ್ಮ ಕಾಲೊನಿ ಹುಡುಕಿ ತೆಗೆದೆ. ಬಾವಿಯ ಹೆಸರಿನ ಎದುರು 'ಸಾಧಾರಣ' ಎಂದಿತ್ತು. ಏನೋ ತಪ್ಪಾಗಿದೆ ಎಂದು ಮೇಡಮ್ಮಿಗೆ ಫೋನು ಮಾಡಿದೆ. ಈಗ ನನಗೆ ಫೋನು ಮಾಡುವುದು ಬರುತ್ತದೆ.

"ತಪ್ಪಿಲ್ಲಮ್ಮ," ಎಂದರು ಅವರು. "ಒಂದೇ ಬಾವಿಗೆ ಈ ವರ್ಷ ಎರಡು ಮಾದರಿ ಇದ್ದವಲ್ಲ. ಒಂದು ಅತ್ಯುತ್ತಮ, ಒಂದು ಕಳಪೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಕು ಅಂತ ನಿಯಮ. ಸಾಧಾರಣ ಬಂತು. ಒಳ್ಳೆಯದೇ ಆಯ್ತು ಬಿಡು, ಯಾರೂ ಏನೂ ಕೇಳಲ್ಲ."

ಅವ್ವ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಏನಂತೆ ಎಂದು ಕೇಳಿದಳು. ಸರಾಸರಿ ಎಂದರೆ ಏನೆಂದು ಹೇಗೆ ಹೇಳುವುದು ಎಂದು ಯೋಚಿಸಿದೆ.

"ಪುಟ್ಟನಂಜಮ್ಮೋರ ಬಾವಿ ನೀರ, ನಮ್ ಬಾವಿ ನೀರ ಒಂದೇ ಪಾತ್ರೆಗೆ ಉಯ್ದು, ಬೆರ್ಸಿ ನೋಡವ್ರೆ ಅನ್ಕೊ. ಬೆರ್ಸುದ್ರೆ ಸುಮಾರಾಗಿ ಅದೆಯಂತೆ."

ಅವ್ವನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಬಗ್ಗಿ ಬೀದಿಯ ಎರಡೂ ಕಡೆ ನೋಡಿದಳು. ಮೇಲ್ಗಡೆ ಹೊಲದ ಕಡೆಗೂ ನೋಡಿದಳು.

"ಈರೋಡ್ನಲ್ಲಿ ಬೆರ್ಸುದ್ರ?"

"ಊಂ. ಕಾಗ್ದದ ಮೇಲೆ."

"ಕಾಗ್ದದ ಮೇಲೋ ಎಲ್ಲೋ. ಪುಟ್ಟನಂಜಮ್ಮೋರ ಕಿವಿಗೆ ಮಾತ್ರ ಆಕ್ಬ್ಯಾಡ ಕನಮ್ಮಿ," ಎಂದಳು ದನಿ ತಗ್ಗಿಸಿ. "ಪಾಪ, ಇರೋಬರೋ ನೀರ್ನೆಲ್ಲ ಬಸ್ದು ಬಾವಿ ಶುದ್ದಿ ಮಾಡ್ಸ್ಬುಡ್ತರೆ."